ನಡೆಯಲಾರದವನಿಗೆ ನಡೆದಾಡಲು ಹೇಳಿದ ದವಾಖಾನೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಮಲ ಕಟ್ಟಿ ನನ್ನ ಗಂಡ ಸಾಯುವುದರಲ್ಲಿದ್ದ. ಓದಿ ನಗು ಬಂದರೆ ನಕ್ಕುಬಿಡಿ; ತಮ್ಮ ದವಾಖಾನೆಯಲ್ಲೂ ನಕ್ಕರು.

ಈ ಮೊಸ್ಕಿಟಿಯಾ ತೀರದ ಎಷ್ಟೋ ಗಂಡಸರಂತೆ ಒರ್ವಿನ್ ಕೂಡ ಕಡಲಾಳಕ್ಕೆ ಮುಳುಗಿ ದೊಡ್ಡ ಸಿಗಡಿ ಹಿಡಿಯುತ್ತಿದ್ದ. ಒಮ್ಮೆ ಆಳದಿಂದ ಅವಸರದಲ್ಲಿ ಮೇಲೆ ಬಂದ; ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ವಾಧೀನ ತಪ್ಪಿತು. ಕಾಲಿನಂತೆ ಕರುಳೂ ಮರಗಟ್ಟುತ್ತದೆಂದು ನಮಗೆ ಯಾರು ಹೇಳಿದ್ದರು?

ಕಳೆದ ಮಳೆಗಾಲದಲ್ಲಿ ಅವನ ಹೊಟ್ಟೆ ಕಲ್ಲಾಯಿತು. ಬೆಳಿಗ್ಗೆ ಬಾಳೆಕಾಯಿ ಗಂಜಿ ಕುಡಿಸುತ್ತಿದ್ದಾಗ ಮುಖ ಕೆಂಪೇರಿ ಬೆವರು ಸುರಿಯಿತು. "ಡೆಲ್ಸಿ, ತಲೆ ಸಿಡಿದು ಹೋಗ್ತಿದೆ ಕಣೇ" ಎಂದ. ಕೈಗಾಡಿಯಲ್ಲಿ ಮಲಗಿಸಿ ದವಾಖಾನೆಗೆ ತಳ್ಳಿಕೊಂಡು ಹೋದೆ.

ತಮ್ಮ ವೈದ್ಯರು ತಲೆನೋವಿನ ಮಾತ್ರೆ ಕೊಟ್ಟರು. ಹೊಟ್ಟೆಯ ವಿಷಯ ಹೇಳಿದೆ. "ಇದಕ್ಕೆಲ್ಲ ಓಡಿ ಬರ್ತಾರೇನಮ್ಮ? ಪಪ್ಪಾಯಿ ತಿನ್ನಿಸಿ, ಸ್ವಲ್ಪ ನಡೆದಾಡಿಸಿ" ಎಂದು ನಕ್ಕರು. ಕೈಗಾಡಿಯಲ್ಲಿ ಬಂದವನನ್ನು ನಡೆದಾಡಿಸುವ ವಿದ್ಯೆಯನ್ನು ತಾವು ಯಾವ ಕಾಲೇಜಿನಲ್ಲಿ ಕಲಿಸುತ್ತೀರಿ?

ದೋಣಿ ಹಿಡಿದು ಹಿನ್ನೀರಿನಾಚೆಯ ಮಿಷನ್ ಆಸ್ಪತ್ರೆಗೆ ಹೊರಟೆವು. "ಸಮುದ್ರಕ್ಕೇ ಅರಗದವನನ್ನ ನನ್ ಹೊಟ್ಟೆ ನುಂಗ್ತಿದೆ ನೋಡೇ" ಎಂದವನು ಆಮೇಲೆ ಮಾತೇ ಬಿಟ್ಟ. ದಾರಿಯುದ್ದಕ್ಕೂ ಅವನ ಮೂಗಿನ ಕೆಳಗೆ ಬೆರಳಿಟ್ಟು ಕೂತಿದ್ದೆ.

ಅಲ್ಲಿನ ನರ್ಸ್ ರಕ್ತದೊತ್ತಡ ನೋಡಿದವರೇ ಅವನನ್ನು ನೆಟ್ಟಗೆ ಕೂರಿಸಿದರು. ಔಷಧ ಕೊಟ್ಟು, ಕೈಗವಸು ಹಾಕಿ, ಕಟ್ಟಿದ್ದ ಮಲವನ್ನು ನಿಧಾನವಾಗಿ ಬೆರಳಿನಿಂದಲೇ ತೆಗೆದರು. ಮುಖದ ಕೆಂಪು ಇಳಿಯಿತು. "ಬೆನ್ನುಹುರಿ ಪೆಟ್ಟಾದವರಿಗೆ ಮಲ ಕಟ್ಟಿದ್ರೆ ಬಿ.ಪಿ. ಏರಿಬಿಡುತ್ತಮ್ಮ. ಇನ್ನೂ ತಡ ಆಗಿದ್ರೆ ಮೆದುಳಲ್ಲಿ ನರ ಒಡೀತಿತ್ತು" ಎಂದರು.

ಆ ಕೆಲಸವನ್ನು ಅವರು ನನಗೂ ಕಲಿಸಿದರು. ಮನೆಯಲ್ಲಿ ಮೊದಲ ಸಲ ಒರ್ವಿನ್ ಗೋಡೆಗೆ ಮುಖ ತಿರುಗಿಸಿದ. "ನಿನ್ ಕೈಲಿ ಬೇಡ ಕಣೇ. ಸಾಯ್ತೀನಿ ಬಿಡು."

"ಸತ್ರೆ ತೊಳೆಯೋಳು ನಾನೇ ತಾನೇ? ಬದುಕಿದ್ದಾಗ್ಲೇ ತೊಳೀತೀನಿ, ಸುಮ್ನಿರು."

ಅವನು ಅತ್ತ. ನಾನು ಅಳಲಿಲ್ಲ, ಕೈ ನಡುಗಬಾರದಿತ್ತು.

ಈಗ ಎದ್ದ ಕೂಡಲೇ ಅವನ ಹೊಟ್ಟೆ ಮುಟ್ಟಿ ನೋಡುತ್ತೇನೆ. ಗಟ್ಟಿಯೆನಿಸಿದರೆ ನನ್ನ ಜೀವ ಬಾಯಿಗೆ ಬರುತ್ತದೆ. ಪಕ್ಕದ ಓಣಿಯಲ್ಲೂ ಹೀಗೆ ಮಲಗಿದವರಿದ್ದಾರೆ. ಅವರ ಮನೆಯವರಿಗೆ ಈ ಭಯವೂ ಗೊತ್ತಿಲ್ಲ.

ನಾನು ಪರಿಹಾರದ ಹಣ ಕೇಳುತ್ತಿಲ್ಲ. ಪ್ರತಿ ದವಾಖಾನೆಯಲ್ಲೂ ಕೈಗವಸು, ಔಷಧ, ಈ ಕೆಲಸಕ್ಕೆ ಹೇಸದ ಒಬ್ಬರು ಇರಲಿ. ತಲೆನೋವೆಂದು ಬಂದ ಮುಳುಗುಗಾರನ ಹೊಟ್ಟೆಯನ್ನೂ ಮುಟ್ಟಿ ನೋಡಬೇಕೆಂದು ಇಂದೇ ಆದೇಶ ಹೊರಡಿಸಿ. ಇಂದೇ ಎನ್ನಲು ಕಾರಣವಿದೆ: ಬೆಳಿಗ್ಗೆಯಿಂದ ಒರ್ವಿನ್ ಬೆವರುತ್ತಿದ್ದಾನೆ, ನನ್ನ ಕೈಯ ಕೆಲಸ ಫಲಿಸಿಲ್ಲ, ಬಿರುಗಾಳಿಗೆ ದೋಣಿಗಳೆಲ್ಲ ದಡ ಸೇರಿವೆ.

ಇಂತಿ,
ಮತ್ತೆ ತಮ್ಮ ದವಾಖಾನೆಗೇ ಕೈಗಾಡಿ ತಳ್ಳಿಕೊಂಡು ಹೊರಟಿರುವ,
ಡೆಲ್ಸಿ