ಗೋಣಿ ಸುತ್ತಿದ ನೀರಿನ ಕ್ಯಾನ್

ನನ್ನ ಬಾಪಾ,

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನೀವು ನನ್ನ ತಲೆದಿಂಬಿನ ಕೆಳಗಿದ್ದ ಕರಪತ್ರಗಳನ್ನು ಎಳೆದು, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದುತ್ತಿದ್ದಿರಿ. ‘ದುಡಿಯುವ ಜನರೇ, ಎಚ್ಚರಗೊಳ್ಳಿ’ ಎಂದಿದ್ದರೆ ಉಮ್ಮನ ಕಡೆ ತಿರುಗಿ, “ದುಡಿಯುವವರು ಸುಬಹಿ ನಮಾಜಿಗೇ ಎದ್ದಾಗಿದೆ. ಇದನ್ನು ಓದುವವನನ್ನು ಎಬ್ಬಿಸು ಮೊದಲು” ಎನ್ನುತ್ತಿದ್ದಿರಿ. ನನಗೆ ಸಿಟ್ಟು ಬರುತ್ತಿತ್ತು. ಈಗ ನಾನು ನೀವಿದ್ದ ಜಿದ್ದಾದಲ್ಲೇ ಇದ್ದೇನೆ. ಉಮ್ರಾ ಯಾತ್ರೆಗೆ ಬರುವ ಮಲೇಷಿಯಾದವರಿಗೆ ಬಸ್ಸು, ಹೋಟೆಲು ಗೊತ್ತುಮಾಡುವ ಆಫೀಸಿನಲ್ಲಿ ಕೆಲಸ. ಎಸಿಯ ಕೆಳಗೆ ಕುಳಿತು ಮಾಡುವ ಕೆಲಸ, ನಿಮಗೆ ನಗು ಬರಬಹುದು. ಕರಪತ್ರಗಳು ಈಗಲೂ ತಲೆದಿಂಬಿನ ಕೆಳಗೇ ಇವೆ.

ನೀವು ತೀರಿಕೊಂಡ ಮೇಲೆ ನಿಮ್ಮ ಸಾಮಾನಿನ ಪೆಟ್ಟಿಗೆ ಊರಿಗೆ ಬಂದ ದಿನ ಉಮ್ಮ ಮೊದಲು ಹೊರತೆಗೆದದ್ದು ನಿಮ್ಮ ನೀರಿನ ಕ್ಯಾನನ್ನು. ಮೈತುಂಬ ಗೋಣಿ ಸುತ್ತಿ ಹೊಲಿದ ಆ ಹಳೆಯ ಪ್ಲಾಸ್ಟಿಕ್ ಕ್ಯಾನ್. ಬೆಳಿಗ್ಗೆ ಗೋಣಿಯನ್ನು ಒದ್ದೆ ಮಾಡಿ ನೆರಳಲ್ಲಿಟ್ಟರೆ ಮಧ್ಯಾಹ್ನದವರೆಗೂ ಒಳಗಿನ ನೀರು ತಣ್ಣಗಿರುತ್ತದೆ ಎಂದು ಹೇಳಿದವರು ನೀವೇ. ನಿಮ್ಮನ್ನು ಇಲ್ಲೇ, ಜಿದ್ದಾದಲ್ಲೇ ಮಣ್ಣು ಮಾಡಿದರು. ಇಲ್ಲಿಯ ಖಬರಸ್ಥಾನದಲ್ಲಿ ಯಾವ ದಿಬ್ಬಕ್ಕೂ ಹೆಸರಿಲ್ಲ. ನಾನು ಹೋಗಿ ಎಲ್ಲರಿಗೂ ಸೇರಿಸಿ ದುಆ ಮಾಡಿ ಬರುತ್ತೇನೆ, ನೀವು ಯಾವ ಸಾಲಿನಲ್ಲಿ ಮಲಗಿದ್ದೀರೋ... ಹಾಗಾಗಿ ನಿಮ್ಮದೆಂದು ಮುಟ್ಟಲು ಈ ದೇಶದಲ್ಲಿ ನನಗಿರುವುದು ಆ ಕ್ಯಾನ್ ಒಂದೇ. ಊರಿನಿಂದ ಬರುವಾಗ ಅದನ್ನು ಮತ್ತೆ ಹೊತ್ತುಕೊಂಡು ಬಂದೆ.

ನಿಮಗೆ ಇಲ್ಲಿ ಮೊದಲ ಕೆಲಸ ಕೊಡಿಸಿದ ಖಾದರ್ ಹಾಜಿಯವರು ಒಂದು ಸಂಜೆ ಅಜೀಜಿಯಾದ ನನ್ನ ರೂಮಿಗೆ ಬಂದರು. ಈಗ ಅವರು ನಮ್ಮ ಊರವರ ಸಂಘದ ಅಧ್ಯಕ್ಷರು. ಅತ್ತರಿನ ಪರಿಮಳ ಮೆಟ್ಟಿಲಲ್ಲೇ ಬಂತು. “ಸಂಘದ ವಾರ್ಷಿಕೋತ್ಸವ ಉಂಟು. ಮೊದಲು ಬಂದವರ ಸಾಮಾನು ಎಲ್ಲ ಒಂದು ಕಪಾಟಿನಲ್ಲಿ ಇಡುವುದು ಅಂತ. ಮಕ್ಕಳು ನೋಡಬೇಕಲ್ಲ. ನಿನ್ನ ಬಾಪನ ಕ್ಯಾನ್ ಕೊಡು ಮಾರಾಯ” ಎಂದರು. ನನ್ನ ಮೈ ಉರಿಯಿತು. ನೀವು ನಡುಮಧ್ಯಾಹ್ನ ಕುಸಿದುಬಿದ್ದ, ಕೇಬಲ್ ಹೂಳುವ ಗುಂಡಿಯ ಗುತ್ತಿಗೆ ಯಾರದ್ದಾಗಿತ್ತು? ಆ ಬಿಸಿಲಿನಲ್ಲಿ ಅಗೆಯಲು ಹೇಳಿದವರು ಯಾರು? ಈಗ ಅದೇ ಕೈ ನಿಮ್ಮ ಕ್ಯಾನನ್ನು ಗಾಜಿನ ಹಿಂದೆ ಇಟ್ಟು ದೀಪ ಹಾಕುತ್ತದೆಯೇ? ಯೋಚಿಸಿ ಹೇಳುತ್ತೇನೆ ಎಂದು ಕಳುಹಿಸಿದೆ.

ಚಿಕ್ಕಂದಿನಲ್ಲಿ ಮಂಗಳೂರಿನಲ್ಲಿ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದಾಗ, ಪುಕ್ಕಟೆ ಒಳಗೆ ಬಿಡುವ ಡೇರೆಗೆ ಹೋಗಬೇಡ, ಅಲ್ಲಿ ಜೇಬಿನ ಮೇಲೆ ಕೈ ಇರಲಿ ಎಂದಿದ್ದಿರಿ. ಹಾಜಿಯವರು ಬಂದುಹೋದ ಕೆಲವೇ ದಿನಗಳಲ್ಲಿ ಆಫೀಸಿನವರು ನನ್ನನ್ನು ಮಲೇಷಿಯಾದ ಇಪೋ ಎಂಬ ಊರಿಗೆ ಕಳುಹಿಸಿದರು. ಅಲ್ಲಿ ಕೆಲಸ ಮುಗಿದು ಒಂದು ಮಧ್ಯಾಹ್ನ ಸುಮ್ಮನೆ ತಿರುಗುವಾಗ ಒಂದು ಮ್ಯೂಸಿಯಂ ಕಂಡಿತು. ಪ್ರವೇಶ ಪುಕ್ಕಟೆ. ನಿಮ್ಮ ಮಾತು ನೆನಪಾಗಿ ಜೇಬು ಹಿಡಿದುಕೊಂಡೇ ಒಳಗೆ ಹೋದೆ. ಚೀನಾದಿಂದ ಕಡಲು ದಾಟಿ ಬಂದು ತವರದ ಅದಿರು ಅಗೆದ ಹಕ್ಕಾ ಎಂಬ ಜನರದ್ದಂತೆ ಅದು. ಆದರೆ ಕಟ್ಟಡ ಮಾತ್ರ ಗಣಿ ಯಜಮಾನರ ಹಳೆಯ ಕ್ಲಬ್ಬು. ಕೆಳಗೆ ಅವರ ಜೂಜಿನ ಮೇಜುಗಳು, ಗೋಡೆಯ ಮೇಲೆ ಅವರ ದೊಡ್ಡ ದೊಡ್ಡ ಪಟಗಳು. ಕೂಲಿಗಳಿಗೆ ಮಹಡಿಯಲ್ಲೊಂದು ಕೋಣೆ. ಅಲ್ಲಿ ಮಣ್ಣಿನ ಗುಂಡಿಯೊಳಗೆ ಬುಟ್ಟಿ ಹೊತ್ತು ನಿಂತ ಗೊಂಬೆಯ ಮುಖದಲ್ಲಿ ನಗು. ಗುಂಡಿಯಲ್ಲಿ ನಿಂತು ನಗುವ ಕೂಲಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ ಬಾಪಾ?

ನಾನು ಎಲ್ಲದಕ್ಕೂ ‘ಯಾಕೆ’ ಎನ್ನುವಾಗ, ಕೇಳುವುದಾದರೆ ಗೊತ್ತಿರುವವರನ್ನು ಕೇಳು, ಗೋಡೆಯನ್ನು ಕೇಳಬೇಡ ಎನ್ನುತ್ತಿದ್ದಿರಿ. ಅಲ್ಲಿ ಜನರಿಗೆ ಎಲ್ಲವನ್ನೂ ತೋರಿಸುತ್ತಿದ್ದ ಹಣ್ಣುಮುದುಕಿಯನ್ನು ಕೇಳಿದೆ, ಈ ಮ್ಯೂಸಿಯಂಗೆ ಖರ್ಚು ಮಾಡುವವರು ಯಾರೆಂದು. ಯಜಮಾನರ ಮೊಮ್ಮಕ್ಕಳು ಎಂದಳು, ಮುಚ್ಚುಮರೆ ಇಲ್ಲದೆ. ಆಮೇಲೆ ಗಾಜಿನೊಳಗಿದ್ದ ಅಗಲವಾದ ಮರದ ಮರಿಗೆಯೊಂದನ್ನು ತೋರಿಸಿದಳು. ಹೆಂಗಸರು ಮೊಣಕಾಲುದ್ದ ನೀರಲ್ಲಿ ಬಗ್ಗಿ ನಿಂತು, ಅದರಲ್ಲಿ ಮರಳು ತೊಳೆದು, ತಳದಲ್ಲಿ ಉಳಿಯುವ ತವರ ಹೆಕ್ಕುತ್ತಿದ್ದರಂತೆ.

“ಇದು ನನ್ನ ಅಮ್ಮನದು” ಎಂದಳು.

“ಪಕ್ಕದ ಚೀಟಿಯಲ್ಲಿ ಅವರ ಹೆಸರೇ ಇಲ್ಲವಲ್ಲ?”

“ಕೇಳಿದೆ. ಚೀಟಿಯಲ್ಲಿ ಜಾಗ ಇಲ್ಲ ಅಂದರು. ಅದಕ್ಕೇ ಇಲ್ಲಿ ಬಂದು ನಿಲ್ಲುತ್ತೇನೆ. ನನ್ನ ಬಾಯಲ್ಲಿ ಜಾಗ ಉಂಟು.”

ಅಮ್ಮನ ಹೆಸರು ಹೇಳಿದಳು. ನನ್ನಿಂದಲೂ ಹೇಳಿಸಿದಳು. ತಪ್ಪಾಯಿತು. ಸರಿಯಾಗುವವರೆಗೆ ನನ್ನನ್ನು ಮೆಟ್ಟಿಲು ಇಳಿಯಲು ಬಿಡಲಿಲ್ಲ. ನಾನು ಸೋಲಲಿಲ್ಲ. ಹೀಗೆ ನಿಂತು ನೀವು ಈ ಯಜಮಾನರಿಗೇ ಒಳ್ಳೆಯ ಹೆಸರು ತರುತ್ತಿಲ್ಲವೇ ಎಂದೆ. ಆಕೆ ಕೆಳಗಿನ ಪಟಗಳ ಕಡೆ ಗಲ್ಲ ತಿರುಗಿಸಿ, “ಮರಿಗೆಯನ್ನು ಮನೆಗೆ ಒಯ್ದು ಮಂಚದ ಕೆಳಗೆ ಇಟ್ಟರೆ ಇವರಲ್ಲಿ ಯಾರಿಗೆ ನೋವು?” ಎಂದಳು. ನಿಮ್ಮ ಕ್ಯಾನ್ ಇದ್ದದ್ದೂ ನನ್ನ ಮಂಚದ ಕೆಳಗೇ.

ಶುಕ್ರವಾರದ ಶರಫಿಯಾ ಪೇಟೆ ನಿಮಗೆ ಎಷ್ಟು ಇಷ್ಟವಾಗಿತ್ತು ಎಂದು ನಿಮ್ಮ ರೂಮಿನವರು ಹೇಳುತ್ತಿದ್ದರು. ಊರವರೆಲ್ಲ ಸಿಗುತ್ತಾರೆ, ಚಹಾ ಗಂಟಲಿಗೆ ಹತ್ತುತ್ತದೆ ಎನ್ನುತ್ತಿದ್ದಿರಂತೆ. ಇಪೋದಿಂದ ಮರಳಿದ ಮೇಲೆ ಅಲ್ಲಿಯ ಹೋಟೆಲೊಂದರಲ್ಲೇ ಹಾಜಿಯವರನ್ನು ಕಂಡು ನನ್ನ ಷರತ್ತು ಹೇಳಿದೆ. ಕ್ಯಾನಿನ ಪಕ್ಕದ ಚೀಟಿಯಲ್ಲಿ ನಿಮ್ಮ ಹೆಸರಿರಬೇಕು, ಕೆಲಸದ ಗುಂಡಿಯಲ್ಲಿ ನಡುಮಧ್ಯಾಹ್ನ ಬಿದ್ದು ತೀರಿಕೊಂಡರು ಎಂದೂ ಇರಬೇಕು.

“ಎಂತ ಮಾರಾಯ, ಹೆಂಡತಿ ಮಕ್ಕಳು ಬಿರಿಯಾನಿ ತಿನ್ನಲಿಕ್ಕೆ ಬರುವ ದಿವಸ ನೀನು ಮಯ್ಯತ್ತಿನ ಸುದ್ದಿ ಬರೆಯುವುದಾ? ಹೆಸರು ಬರೆಯುವಾ. ಉಳಿದದ್ದು ಬೇಡ.”

“ಆಯಿತು ಹಾಜಿಕ್ಕ, ಬರೆಯುವುದು ಬೇಡ. ನಾನು ಕ್ಯಾನಿನ ಹತ್ತಿರ ನಿಲ್ಲಬಹುದಲ್ಲ?”

“ನಿಲ್ಲು. ನಿಲ್ಲಲಿಕ್ಕೆ ಯಾರು ಬೇಡ ಹೇಳಿದ್ದು?” ಎಂದು ನಕ್ಕರು. ಆ ನಗುವಿನಲ್ಲೂ ನನಗೆ ಏನೋ ಸಂಶಯ.

ಗುಂಪಿನಲ್ಲಿ ನನ್ನ ದನಿ ನಡುಗುವುದು ನಿಮಗೆ ಗೊತ್ತು. ಮದ್ರಸದ ಭಾಷಣದಲ್ಲಿ ಅರ್ಧಕ್ಕೇ ನಿಂತುಹೋದಾಗ ಹಿಂದಿನ ಸಾಲಿನಲ್ಲಿ ನೀವಿದ್ದಿರಿ. ವಾರ್ಷಿಕೋತ್ಸವದ ದಿನ ಕಪಾಟಿನ ಪಕ್ಕ ನಿಂತು, ಬಂದ ಒಬ್ಬೊಬ್ಬರಿಗೂ ಹೇಳಿದೆ. ಇದು ನನ್ನ ಬಾಪನ ಕ್ಯಾನ್, ಅವರ ಹೆಸರು ಇದು, ಅವರು ಬಿದ್ದದ್ದು ಹೀಗೆ. ಇಂಗ್ಲಿಷಿನಲ್ಲೇ ಮಾತಾಡುವ ಮಕ್ಕಳಿಗೂ ಹೇಳಿದೆ. ಕೆಲವು ತಾಯಂದಿರು ಅವರನ್ನು ಎಳೆದುಕೊಂಡು ಹೋದರು. ಕೊನೆಗೆ ಹಾಜಿಯವರೇ ಬಂದು ನಿಂತರು. ಅವರ ಮುಖ ನೋಡಿಯೇ ಹೇಳಿದೆ, ಗುತ್ತಿಗೆ ಯಾರದ್ದೆಂಬುದನ್ನೂ ಸೇರಿಸಿ. ಅವರು ಕೈಬೆರಳಿನ ಉಂಗುರ ತಿರುಗಿಸಿದರು.

“ಅವನನ್ನು ಗುಂಡಿಯಿಂದ ಎತ್ತಿ ಹೆಗಲ ಮೇಲೆ ಹಾಕಿಕೊಂಡು ಓಡಿದ್ದು ನಾನು. ಅದನ್ನೂ ಹೇಳು.”

ಅದು ನಿಜವೇ ಬಾಪಾ? ನಿಜವಾಗಿದ್ದರೆ, ಹೆಗಲು ಕೊಟ್ಟವರು ಒಂದು ಗಂಟೆ ಮೊದಲು ಕೆಲಸ ನಿಲ್ಲಿಸಿ ಎಂದು ಒಂದು ಮಾತು... ನನಗೆ ಗೊತ್ತಾಗುವುದಿಲ್ಲ. ಆಮೇಲೆ ಬಂದವರಿಗೆ ಎರಡನ್ನೂ ಹೇಳಿದೆ. ಎರಡನೆಯದನ್ನು ನಾನಿನ್ನೂ ಪೂರ್ತಿ ನಂಬಿಲ್ಲ.

ಉಳ್ಳಾಲದ ಕಡಲ ಕರೆಯ ಮರಳಲ್ಲಿ ಕುಳಿತು ಬಲೆ ನೇಯುವಾಗ ನಿಮ್ಮ ಸೂಜಿ ಕಣ್ಣಿಗೆ ಕಾಣದಷ್ಟು ಚುರುಕಾಗಿ ಓಡುತ್ತಿತ್ತು. ಸಮಾರಂಭ ಮುಗಿಯುವ ಹೊತ್ತಿಗೆ ಬಂದ ಅಬೂಬಕ್ಕರ್ ಎಂಬ ಹಿರಿಯರಿಗೂ ಆ ಸೂಜಿಯ ಪರಿಚಯವಿತ್ತು. ಕಪಾಟಿನ ಗಾಜು ಸರಿಸಿ ಕ್ಯಾನನ್ನು ಕೈಗೆ ತೆಗೆದುಕೊಂಡು ಬುಡಮೇಲು ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿದರು.

“ಗೋಣಿಗೆ ಬಲೆಯ ಗಂಟು ಹಾಕುವವನು ನಮ್ಮ ಕ್ಯಾಂಪಿನಲ್ಲಿ ಒಬ್ಬನೇ. ನಾವೆಲ್ಲ ಹೊಲಿದದ್ದು ವಾರದಲ್ಲಿ ಬಿಚ್ಚುತ್ತಿತ್ತು. ಕಡೆಗೆ ಎಲ್ಲರ ಕ್ಯಾನಿಗೂ ನಿನ್ನ ಬಾಪನೇ ಹೊಲಿದ. ಬೈದುಕೊಂಡೇ ಹೊಲಿದ ಅನ್ನು. ನನ್ನದು ಇನ್ನೂ ಉಂಟು.”

ಮರುವಾರ ಅದನ್ನು ತಂದುಕೊಟ್ಟರು. “ಇದನ್ನು ಆ ಕಪಾಟಿಗೆ ಕೊಡಬೇಡ. ನೀರು ಮುಟ್ಟದಿದ್ದರೆ ಗೋಣಿ ಹುಡಿಯಾಗುತ್ತದೆ” ಎಂದರು.

ಬಾಪಾ, ನೀವು ಕೇಳದ ಸುದ್ದಿ ಒಂದಿದೆ. ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲಿನ ಕೆಲಸವನ್ನು ಈಗ ಇಲ್ಲಿ ನಿಷೇಧಿಸಿದ್ದಾರೆ. ಕಾಗದದ ಮೇಲಿನ ಮಾತು ಗುಂಡಿಯವರೆಗೆ ಇಳಿಯುತ್ತದೆಯೇ ಎಂದು ರಜೆಯ ದಿನಗಳಲ್ಲಿ ನಾನು ರೂಮಿನ ಕಿಟಕಿಯಿಂದ ನೋಡುತ್ತಲೇ ಇರುತ್ತೇನೆ. ನಮ್ಮ ಕಟ್ಟಡದ ಕೆಳಗೇ ಈಗ ಕೇಬಲ್ಲಿಗಾಗಿ ಅಗೆಯುತ್ತಿದ್ದಾರೆ. ಮಧ್ಯಾಹ್ನ ನಿಲ್ಲಿಸುತ್ತಾರೆ, ನಿಜ. ಆದರೆ ಹನ್ನೊಂದರ ಬಿಸಿಲೇನು ಬೆಳದಿಂಗಳೇ?

ಅಬೂಬಕ್ಕರಿಚ್ಚ ಕೊಟ್ಟ ಕ್ಯಾನನ್ನು ದಿನಾ ಬೆಳಿಗ್ಗೆ ತುಂಬಿಸಿ, ಗೋಣಿ ಒದ್ದೆ ಮಾಡಿ, ಆ ಗುಂಡಿಯ ಪಕ್ಕದ ಗೋಡೆಯ ನೆರಳಿನಲ್ಲಿಟ್ಟು ಆಫೀಸಿಗೆ ಹೋಗುತ್ತೇನೆ. ನಿನ್ನೆ ರಜೆ ಇತ್ತು, ಅಲ್ಲೇ ನಿಂತಿದ್ದೆ. ಬಿಹಾರದ ಕಡೆಯವನೊಬ್ಬ ಗುಂಡಿಯಿಂದ ಹತ್ತಿ ಬಂದು ಕುಡಿದ. ಮುಖಕ್ಕೆ ಒಂದಿಷ್ಟು ಎರಚಿಕೊಂಡು, ಇಷ್ಟು ತಣ್ಣಗಿದೆಯಲ್ಲ, ಇದನ್ನು ಹೊಲಿದವರು ಯಾರು ಎಂದು ಕೇಳಿದ.

ನಿಮ್ಮ ಹೆಸರು ಹೇಳಿದೆ. ಅವನಿಂದಲೂ ಹೇಳಿಸಿದೆ.

ನಿಮ್ಮ ಮಗ