ಖಾಲಿ ಜಾಗಕ್ಕೆ ಸೊನ್ನೆ ತುಂಬಿದವರು ಯಾರು?

ಆರೋಗ್ಯ ಸಮೀಕ್ಷೆಯ ಅಂಕಿಅಂಶ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಿಡುಗಲ್ಲಿನ ಹೆಂಗಸರಿಗೆ ಮಂಡಿನೋವೇ ಇಲ್ಲವೆಂದು ನಿಮ್ಮ ವರದಿ ಹೇಳುತ್ತಿದೆ. ಅಭಿನಂದನೆಗಳು! ಯಾವ ಮಾತ್ರೆಯೂ ಮಾಡದ ಕೆಲಸವನ್ನು ನಿಮ್ಮ ಕಂಪ್ಯೂಟರ್ ಮಾಡಿದೆ. ಅದೇ ವರದಿಯನ್ನು ಮುಂದಿಟ್ಟು, ಗುರುವಾರ ಊರಿಗೆ ಬರುತ್ತಿದ್ದ ಮೂಳೆ ಡಾಕ್ಟರನ್ನು ನಿಲ್ಲಿಸಿದ್ದೀರಿ. ಪಾವಗಡದ ಬಸ್ಸಿನ ಮೆಟ್ಟಿಲು ಹತ್ತಲಾಗದವರು ಈಗ ಎಲ್ಲಿಗೆ ಹೋಗಬೇಕು?

ನಮ್ಮ ಅತ್ತೆ ಓಬಳಮ್ಮನವರ ವಿಷಯ ಕೇಳಿ. ಕಡಲೆಕಾಯಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆದೂ ತೆಗೆದೂ ಅವರ ಮಂಡಿ ಸವೆದಿದೆ. ಸಮೀಕ್ಷೆಗೆ ಬಂದವರು, ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರು. ಅತ್ತೆ ನಕ್ಕುಬಿಟ್ಟರು. "ಅದು ಇದ್ದಿದ್ದೇ ಬುಡಪ್ಪ. ನೋವಿಗೆ ನಂಬ್ರು ಕೊಡಾಕಾಯ್ತದಾ?" ಅಕ್ಕಪಕ್ಕದ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಉತ್ತರ. ನಮ್ಮ ಕಡೆ ‘ಇದ್ದಿದ್ದೇ’ ಎಂದರೆ ದಿನಾ ಕಾಡುತ್ತಿದೆ ಎಂದರ್ಥ, ಸ್ವಾಮಿ. ಅದನ್ನು ಬರೆಯಲು ನಿಮ್ಮ ಪ್ರಶ್ನಾವಳಿಯಲ್ಲಿ ಜಾಗವಿಲ್ಲದ್ದರಿಂದ ಸಮೀಕ್ಷೆಯವರು ಅಂಕಿ ಹಾಕದೆ ಖಾಲಿ ಬಿಟ್ಟರು. ಅವರ ಮೇಲೆ ನನಗೆ ದೂರಿಲ್ಲ.

ದೂರಿರುವುದು ಆಮೇಲೆ ನಡೆದದ್ದರ ಬಗ್ಗೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಖಾಲಿಯೇ ಬೇರೆ, ಸೊನ್ನೆಯೇ ಬೇರೆ ಎಂದು ಗೊತ್ತು. ನಿಮ್ಮ ಕಚೇರಿಗೆ ಬಂದು ವಿಚಾರಿಸಿದರೆ, ಖಾಲಿ ಇದ್ದಲ್ಲೆಲ್ಲ ತಂತ್ರಾಂಶವೇ ಸೊನ್ನೆ, ಅಂದರೆ ‘ನೋವಿಲ್ಲ’, ಎಂದು ತುಂಬಿಕೊಂಡಿತ್ತು. "ಡಿಫಾಲ್ಟೇ ಹಂಗೈತೆ ಮೇಡಂ, ನಾವೇನೂ ಮುಟ್ಟಿಲ್ಲ" ಎಂದರು ನಿಮ್ಮ ಆಪರೇಟರ್. ಹೌದೇ? ಹೋದ ವರ್ಷ ಇದೇ ತಂತ್ರಾಂಶದಿಂದ ಬಂದ ವರದಿಯಲ್ಲಿ ಖಾಲಿ ಜಾಗಗಳು ‘ಉತ್ತರ ಸಿಕ್ಕಿಲ್ಲ’ ಎಂದೇ ಇದ್ದವಲ್ಲ! ಯಾರೂ ಮುಟ್ಟದೆ ಅದು ಹೇಗೆ ಬದಲಾಯಿತು? ಅದೂ ಡಾಕ್ಟರ್ ಬರಬೇಕೋ ಬೇಡವೋ ಎಂದು ನೀವು ತೀರ್ಮಾನಿಸುವ ಹೊತ್ತಿಗೆ ಸರಿಯಾಗಿ? ತಪ್ಪಿ ಸೊನ್ನೆಯ ಬದಲು ಹತ್ತು ತುಂಬಿಕೊಂಡಿದ್ದರೆ ಇಷ್ಟೇ ಸಲೀಸಾಗಿ ನಂಬುತ್ತಿದ್ದಿರಾ? ನನಗಂತೂ ಇದು ಯಂತ್ರದ ಕೈವಾಡ ಅನ್ನಿಸುತ್ತಿಲ್ಲ. ತಪ್ಪು ತಿಳಿದಿದ್ದರೆ ತಿದ್ದಿ, ಸಂತೋಷವೇ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ವಿಷಯ ಊರಿಗೆ ಗೊತ್ತಾದಾಗಿನಿಂದ ಅತ್ತೆ, ತಮ್ಮ ಹಾಗೇ ಮಂಡಿ ಹಿಡಿದು ಕೂತಿರುವ ಪಕ್ಕದ ಮನೆ ಮಂಜಮ್ಮನ ಮುಖ ನೋಡಲು ಅಳುಕುತ್ತಿದ್ದಾರೆ. "ನಾನು ನಕ್ಕಿದ್ದಕ್ಕೇ ಡಾಕ್ಟ್ರು ಬರೋದು ನಿಂತೋಯ್ತೇನಮ್ಮಾ? ಎಲ್ರಿಗೂ ತೊಂದ್ರೆ ಮಾಡ್ಬುಟ್ನಾ?" ಎಂದು ನನ್ನನ್ನೇ ಕೇಳುತ್ತಾರೆ.

ಆದ್ದರಿಂದ ಆ ಡಿಫಾಲ್ಟನ್ನು ಮೊದಲಿನಂತೆ ಮಾಡಿ, ಲೆಕ್ಕವನ್ನು ಹೊಸದಾಗಿ ತೆಗೆಯಿರಿ. ಬದಲಾಯಿಸಿದವರು ಯಾರೆಂದು ಬಹಿರಂಗವಾಗಿ ಹೇಳಿ. ಡಾಕ್ಟರನ್ನು ಕಳಿಸಿ. ಜೊತೆಗೆ ನೀವೂ ಬಂದು, ತಪ್ಪು ನಿಮ್ಮದಲ್ಲ ತಾಯಿ ಎಂದು ಓಬಳಮ್ಮನವರಿಗೆ ಖುದ್ದಾಗಿ ಹೇಳಿ. ನಾನು ಹೇಳಿದರೆ ನಂಬುವುದಿಲ್ಲ. "ಸರ್ಕಾರದ ಕಂಪ್ಯೂಟ್ರು ಸುಳ್ಳು ಹೇಳ್ತದಾ?" ಅಂತಾರೆ.

ಇಂತಿ,
ನೀವು ಉತ್ತರ ಬರೆಯದೆ ಸುಮ್ಮನಾದರೆ ಆ ಖಾಲಿ ಜಾಗಕ್ಕೂ ‘ದೂರಿಲ್ಲ’ ಎಂದು ತುಂಬಿಕೊಳ್ಳಬಾರದೆಂದು ಕೋರುವ,
ಮಧುಶ್ರೀ, ನಿಡುಗಲ್