ಬಿಡಿಸುವ ಮಾತು

ಮಾರ್ಚ್ ೧೪, ಮಂಗಳವಾರ

ಆ ಹೆಂಗಸಿನ ಒದ್ದೆ ತಲೆ ಕಣ್ಣಿನಿಂದ ಹೋಗುತ್ತಿಲ್ಲ.

ನಿನ್ನೆ ನಮ್ಮ ಸಿನಿಮಾಕ್ಕೆ, ಪಾದ್ರಿ ಕಾಡಿನವರ ತಲೆಗೆ ನೀರು ಹಾಕಿ ತನ್ನ ಮತಕ್ಕೆ ಸೇರಿಸಿಕೊಳ್ಳುವ ದೃಶ್ಯ ತೆಗೆದರು. ನೂರೈವತ್ತು ವರ್ಷ ಹಿಂದಿನ ಕಥೆ. ಪಾದ್ರಿ ನಟ, ಕಾಡಿನವರು ನಿಜವಾದವರು, ದಿನಗೂಲಿಗೆ ಬಂದವರು; ಆ ಹೆಂಗಸೂ ಅವರಲ್ಲೊಬ್ಬಳು. ಪಾದ್ರಿಯ ಮಾತು ಅಸಲಿಯೇ ಇರಲೆಂದು ಹಟ ಹಿಡಿದು ಬರೆದುಕೊಟ್ಟವನು ನಾನು.

ಇವತ್ತು ಆಕೆ ಬಂದು ನಾವು ಇಳಿದುಕೊಂಡ ಮನೆಯ ಮೆಟ್ಟಿಲ ಮೇಲೆ ಕೂತಳು. ಅವಳ ಅತ್ತೆ ಅವಳ ತಟ್ಟೆಯನ್ನು ಮನೆಯಿಂದ ಹೊರಗಿಟ್ಟಿದ್ದಾಳಂತೆ. ಅಜ್ಜಂದಿರ ಕಾಲದಲ್ಲಿ ಹೀಗೆ ನೀರು ಹಾಕಿಸಿಕೊಂಡವರನ್ನು ಮತ್ತೆ ಮನೆಯೊಳಗೆ ಸೇರಿಸಲಿಲ್ಲವಂತೆ.

"ಅದು ಬರೀ ನಟನೆ ಕಣಮ್ಮ," ಎಂದ ನಿರ್ದೇಶಕ.

"ನಟನೆ ಮಾಡಿದ್ದು ಅವ್ರು. ನೀರು ಬಿದ್ದಿದ್ದು ನನ್ನ ತಲೆ ಮೇಲೆ." ಆಮೇಲೆ ನನ್ನ ಕಡೆ ತಿರುಗಿದಳು. "ಮಾತು ಬರೆದೋರು ನೀವಂತಲ್ಲ ಅಣ್ಣ. ಅದನ್ನ ಬಿಡಿಸೋ ಮಾತೂ ಬರ್ಕೊಡಿ. ಅತ್ತೆ ಎದುರಿಗೆ ಆ ಪಾದ್ರಿ ವೇಷದೋರ ಕೈಲೇ ಹೇಳಿಸಿ."

ಅಂಥ ಮಾತನ್ನು ಯಾವ ಪಾದ್ರಿಯೂ ಬರೆದಿಟ್ಟಂತಿಲ್ಲ. ಮಧ್ಯಾಹ್ನ ಕೂತು ನಾನೇ ಮೂರು ಸಾಲು ಹೊಂದಿಸಿದೆ. ನಿರ್ದೇಶಕ ಹೆಗಲ ಮೇಲಿಂದ ಇಣುಕಿ ಓದಿದ. "ಚೆನ್ನಾಗಿದೆ ಕಣಯ್ಯ. ಅತ್ತೇನೂ ಕರೆಸು. ನಾಳೆ ಬೆಳಗ್ಗೆ ತೆಗೆದುಬಿಡೋಣ, ಸಿನಿಮಾಕ್ಕೂ ಆಯ್ತು."

ಹೋಗಿ ಆಕೆಗೆ ಹೇಳಿದೆ.

"ಕ್ಯಾಮೆರಾ ಎದುರಿಗೆ ಬಿಡಿಸಿದ್ರೆ ಬಿಟ್ಟ ಹಾಗಾಗುತ್ತಾ ಅಣ್ಣ?"

ಆಗುತ್ತದೆ ಎಂದೆ. ಕ್ಯಾಮೆರಾ ಎದುರಿಗೆ ಹಾಕಿದ ನೀರು ತಟ್ಟಿತಲ್ಲ, ಇದೂ ತಟ್ಟಬೇಕು ಎಂಬುದು ನನ್ನ ತರ್ಕ. ಅತ್ತೆಯ ತರ್ಕ ಗೊತ್ತಿಲ್ಲ. ಹೇಳಿಕೊಟ್ಟ ಹಾಗೆ ಅವಳು ನಾಳೆ ಸೊಸೆಯ ಕೈ ಹಿಡಿದು ಒಳಗೆ ಕರೆದುಕೊಂಡು, ಲೈಟು ಆರಿದ ಮೇಲೆ ತಟ್ಟೆಯನ್ನು ಮತ್ತೆ ಹೊರಗೆ ಇಟ್ಟುಬಿಟ್ಟರೆ?